ಶುಚಿಗಾರ ಮೀನೂ ನಮ್ಮ ಶಾಲೆಯ ಗಾಜಿನ ತೊಟ್ಟಿಯೂ

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಶಾಲೆಯ ಅಭಿವೃದ್ಧಿ, ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ ಇವುಗಳನ್ನು ಕುರಿತು ಮುಖ್ಯೋಪಾಧ್ಯಾಯಿನಿಯು ಬರೆಯುವದು ವಾಡಿಕೆಯೆಂಬದನ್ನು ನಾನು ಮರೆತವಳಲ್ಲ. ಆ ಸಂಗತಿಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವದರಿಂದ, ಅವುಗಳನ್ನು ಎರಡನೆಯ ಸಾರಿ ಓದಿಸಿ ನಿಮ್ಮನ್ನು ಬೇಸರಪಡಿಸಲೊಲ್ಲೆನು. ಇಲ್ಲಿ ನಾನು ಬರೆಯುವದು ಒಂದು ಚಿಕ್ಕ ಮೀನಿನ ವಿಷಯವಾಗಿ.

ಕಾರಣವೇನಂದರೆ, ನಮ್ಮ ಹಳೆಯ ವಿದ್ಯಾರ್ಥಿನಿಯರು ತಾವು ಕೂಡಿಸಿದ ಹಣದಿಂದ ಶಾಲೆಯ ಮುಂಭಾಗದ ಹಜಾರದಲ್ಲಿ ಉಪ್ಪುನೀರಿನ ದೊಡ್ಡದೊಂದು ಅಕ್ವೇರಿಯಂ ಕಟ್ಟಿಸಿ, ಹವಳದ ದಿಬ್ಬಗಳ ಬಣ್ಣಬಣ್ಣದ ಮೀನುಗಳನ್ನು ಅದರಲ್ಲಿ ಬಿಡಬೇಕೆಂದು ಸಂಕಲ್ಪಿಸಿದ್ದಾರೆ. ಯಾವ ಯಾವ ಮೀನುಗಳೆಂಬ ಪಟ್ಟಿಯನ್ನೂ ಕಳುಹಿಸಿಕೊಟ್ಟಿದ್ದಾರೆ. ಅದರಲ್ಲಿ ಮೂರನೆಯ ಹೆಸರು ಕ್ಲೀನರ್ ರಾಸ್ ಎಂಬದು. ಆ ಹೆಸರಿನ ಎದುರಿಗೆ, ಇದು ಮಿಕ್ಕ ಮೀನುಗಳ ಮೈಯನ್ನು ಶುಚಿಮಾಡುತ್ತದೆಂದೂ, ಇದನ್ನು ನೋಡಿ ನಮ್ಮ ಹುಡುಗಿಯರು ಸೇವೆಯ ಪಾಠವನ್ನು ಕಲಿಯುವರೆಂದೂ ಒಬ್ಬರು ಅಂದವಾದ ಅಕ್ಷರಗಳಲ್ಲಿ ಬರೆದಿದ್ದಾರೆ. ಅವರ ಪ್ರೀತಿಗೆ ಶಾಲೆಯು ಋಣಿಯಾಗಿದೆ. ಆದಾಗ್ಯೂ ಈ ಕೊಡುಗೆಯನ್ನು ಈ ರೂಪದಲ್ಲಿ ನಾವು ಸ್ವೀಕರಿಸಕೂಡದೆಂಬದೇ ನನ್ನ ಅಭಿಪ್ರಾಯ. ಹಣ ಕೊಟ್ಟವರಿಗೂ ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿದ ತಂದೆತಾಯಿಗಳಿಗೂ ಅದರ ಕಾರಣವನ್ನು ಬಹಿರಂಗವಾಗಿ ತಿಳಿಸುವದು ನ್ಯಾಯವಾದದ್ದು.

ಮೊದಲು ಆ ಮೀನಿನ ಪರಿಚಯವಾಗಲಿ. ಶಾಸ್ತ್ರಜ್ಞರು ಅದಕ್ಕೆ ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್ ಎಂದು ಹೆಸರಿಟ್ಟಿದ್ದಾರೆ. ಅದನ್ನು ನಾನು ಇಲ್ಲಿ ಶುಚಿಗಾರ ಮೀನು ಎಂದು ಕರೆಯುತ್ತೇನೆ. ಕೆಂಪು ಸಮುದ್ರದಿಂದಲೂ ಆಫ್ರಿಕದ ಪೂರ್ವ ತೀರದಿಂದಲೂ ಮೊದಲುಗೊಂಡು ಶಾಂತಸಾಗರದ ನಡುಗಡ್ಡೆಗಳ ವರೆಗೆ, ಹವಳವಿರುವ ಬಿಸಿನೀರಿನ ಸಮುದ್ರಗಳಲ್ಲೆಲ್ಲಾ ಅದು ಕಾಣಸಿಗುತ್ತದೆ. ನಮ್ಮ ಲಕ್ಷದ್ವೀಪದ ನೀರಿನಲ್ಲಿಯೂ ಇದೆ. ಉದ್ದದಲ್ಲಿ ನಮ್ಮ ಕೈಬೆರಳಿಗಿಂತ ಸ್ವಲ್ಪವೇ ಹೆಚ್ಚು. ಎಷ್ಟು ಬೆಳೆದರೂ 14 ಸೆಂಟಿಮೀಟರಿಗೆ ಮೀರದು. ನಸುನೀಲಿಯ ತೆಳ್ಳಗಿನ ಮೈ. ಮೂತಿಯಿಂದ ಬಾಲದ ವರೆಗೆ ಒಂದು ಕಪ್ಪು ಪಟ್ಟೆಯು ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ಮರಿಯಾಗಿರುವಾಗ ಮೈಯೆಲ್ಲಾ ಕಪ್ಪು, ಬೆನ್ನಿನ ಮೇಲೆ ಮಾತ್ರ ಒಂದು ನೀಲಿಯ ಗೆರೆ.

ಎಮ್ಮೆಯ ಬೆನ್ನಿನ ಮೇಲೆ ಕುಳಿತು ಉಣುಗು ಹೆಕ್ಕುವ ಕಾಗೆಯನ್ನೂ ಗೊರವಂಕವನ್ನೂ ನಾವೆಲ್ಲರೂ ಕಂಡಿದ್ದೇವೆ. ಎಮ್ಮೆಯು ಕಿವಿಯನ್ನು ಜೋಲುಬಿಟ್ಟು ಕಣ್ಣು ಅರೆಮುಚ್ಚಿ ನಿಂತುಕೊಳ್ಳುತ್ತದಲ್ಲವೇ? ಸಮುದ್ರದೊಳಗೆ ನಡೆಯುವದೂ ಇಂಥದೇ. ಆದರೆ ಅಲ್ಲಿ ಅದು ಬಹು ಕ್ರಮವಾಗಿ ನಡೆಯುತ್ತದೆ. ಶುಚಿಗಾರ ಮೀನು ಊರೂರು ಅಲೆಯುವದಿಲ್ಲ. ಹವಳದ ದಿಬ್ಬದಲ್ಲಿ ಒಂದು ಬಂಡೆಯ ಮೂಲೆಯನ್ನೋ ಒಂದು ಸಂದನ್ನೋ ತನ್ನ ಅಂಗಡಿಯಾಗಿ ಹಿಡಿದುಕೊಳ್ಳುತ್ತದೆ. ಗಿರಾಕಿಗಳು ಅಲ್ಲಿಗೆ ಬರುತ್ತಾರೆ. ಶುಚಿಗಾರ ಮೀನು ಮೈಯನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತಾ ಅವರನ್ನು ಎದುರುಗೊಳ್ಳುತ್ತದೆ. ಬಂದ ಮೀನು ರೆಕ್ಕೆಗಳನ್ನು ಅಗಲಿಸಿ, ಬಾಯಿ ತೆರೆದು, ಅಲುಗಾಡದೆ ನಿಲ್ಲುತ್ತದೆ. ಕೆಲವು ಜಾತಿಯವು ಆಗ ಮೈಬಣ್ಣವನ್ನೂ ಬದಲಿಸುತ್ತವೆ. ಚಿಕ್ಕ ಮೀನುಗಳನ್ನೇ ನುಂಗಿ ಬಾಳುವ ದೊಡ್ಡ ಮುರು ಮೀನಿನ ತೆರೆದ ಬಾಯೊಳಗೆ ಈ ಬೆರಳುದ್ದದ ಪ್ರಾಣಿಯು ನಿರ್ಭಯವಾಗಿ ಹೊಕ್ಕು, ಹಲ್ಲುಗಳ ನಡುವೆ ಕೆಲಸಮಾಡಿ, ಕಿವಿರಿನ ಬಾಗಿಲಿನಿಂದ ಹೊರಗೆ ಬರುತ್ತದೆ.

ಇದು ಹೆಕ್ಕುವದೇನಂದರೆ, ಮೀನುಗಳ ಮೈಗೆ ಕಚ್ಚಿ ರಕ್ತ ಹೀರುವ ನೇಥಿಯಿಡ್ ಎಂಬ ಸಣ್ಣ ಹುಳಗಳನ್ನು. ಅವು ಸಮುದ್ರದ ಉಣುಗುಗಳೆಂದೇ ತಿಳಿಯಿರಿ. ಆಸ್ಟ್ರೇಲಿಯದ ಮಹಾ ಹವಳದಿಬ್ಬದ ಲಿಜರ್ಡ್ ದ್ವೀಪದಲ್ಲಿ ಅನೇಕ ವರ್ಷ ಇದನ್ನೇ ಅಭ್ಯಾಸ ಮಾಡಿದ ಅಲೆಕ್ಸಾಂಡ್ರಾ ಗ್ರಟರ್ ಎಂಬ ವಿದುಷಿಯು, ಒಂದು ಶುಚಿಗಾರ ಮೀನು ಒಂದು ದಿನದಲ್ಲಿ 2,000ಕ್ಕಿಂತ ಹೆಚ್ಚು ಸಾರಿ ಮೀನುಗಳ ಮೈಯನ್ನು ಪರೀಕ್ಷಿಸುವದೆಂದೂ, ಸುಮಾರು 1,200 ಹುಳಗಳನ್ನು ತಿನ್ನುವದೆಂದೂ ಲೆಕ್ಕಹಾಕಿದಳು. ಹುಳಗಳ ಈ ಲೆಕ್ಕವು 1996ರಲ್ಲಿ ಪ್ರಕಟವಾಯಿತು. ಸಮುದ್ರದ ತಳದಲ್ಲಿ ಬೆಳಗಿನಿಂದ ಬೈಗಿನ ತನಕ ಒಂದು ಮೀನನ್ನು ಕಣ್ಣಿಟ್ಟು ಕಾಯುವದೆಂದರೆ ಸಾಮಾನ್ಯವಾದ ತಾಳ್ಮೆಯಲ್ಲ. ವಿಜ್ಞಾನವು ಹುಡುಗಿಯರಿಗೆ ತಕ್ಕದ್ದಲ್ಲವೆನ್ನುವ ಬಂಧುಗಳು ಈಗಲೂ ಕೆಲವು ಮನೆಗಳಲ್ಲಿ ಇರುವದರಿಂದ ಈ ಹೆಸರನ್ನು ಬೇಕೆಂದೇ ಬರೆದಿದ್ದೇನೆ.

ಈ ಲೆಕ್ಕವನ್ನು ಓದಿದ ಮೇಲೆ ನಮ್ಮ ಹಜಾರದ ತೊಟ್ಟಿಯನ್ನು ಕಲ್ಪಿಸಿಕೊಳ್ಳಿರಿ. ಪಟ್ಟಿಯಲ್ಲಿರುವ ಮೀನುಗಳು ಒಟ್ಟು ಹನ್ನೊಂದು. ಮಾರುವವರು ಅವುಗಳನ್ನು ಔಷಧದ ನೀರಿನಲ್ಲಿ ಇಟ್ಟು ಹುಳ ನೀಗಿಸಿ ಕೊಡುವದೇ ವಾಡಿಕೆ. ದಿನಕ್ಕೆ ಸಾವಿರ ಹುಳ ತಿಂದು ಬಾಳುವ ಪ್ರಾಣಿಯು ಹನ್ನೊಂದು ಚೊಕ್ಕಟವಾದ ಮೀನುಗಳ ನಡುವೆ ಏನು ತಿಂದೀತು? ಮೊದಲು ಎರಡು ದಿನ ಪ್ರತಿಯೊಂದರ ಬಳಿಗೂ ಹೋಗಿ ಕುಣಿಯುವದು. ಹುಳ ಸಿಕ್ಕದಿರಲು ಅವುಗಳ ಮೈಮೇಲಿನ ಲೋಳೆಯನ್ನು ಕಚ್ಚುವದು. ಕಚ್ಚಿಸಿಕೊಂಡವು ಅಟ್ಟಿಸಿಕೊಂಡು ಬರುವವು. ತಪ್ಪಿಸಿಕೊಳ್ಳಲು ಅಲ್ಲಿ ಸಮುದ್ರವಿಲ್ಲ. ತೊಟ್ಟಿಯಲ್ಲಿ ಹಾಕುವ ಬೇರೆ ಆಹಾರಕ್ಕೆ ಕೆಲವು ಒಗ್ಗಿಕೊಂಡು ವರ್ಷಗಟ್ಟಲೆ ಬಾಳಿದ್ದುಂಟು, ಅದನ್ನು ಮುಚ್ಚಿಡಲಾರೆನು. ಆದರೆ ಹೆಚ್ಚಿನವು ಬಡಕಲಾಗಿ ಸಾಯುತ್ತವೆ. ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಅಕ್ವೇರಿಯಂ ವ್ಯಾಪಾರವನ್ನು ಕುರಿತು 2003ರಲ್ಲಿ ಹೊರಡಿಸಿದ ವರದಿಯಲ್ಲಿ, ಆಹಾರದ ಕಟ್ಟುನಿಟ್ಟಿನಿಂದ ತೊಟ್ಟಿಯ ಬಾಳಿಗೆ ಒಗ್ಗದ ಮೀನುಗಳೆಂದು ಎರಡು ಜಾತಿಗಳನ್ನು ಹೆಸರಿಸಿ ಹೇಳಿದರು. ಒಂದು ಮ್ಯಾಂಡರಿನ್ ಮೀನು, ಇನ್ನೊಂದು ಇದೇ. ಆದಾಗ್ಯೂ 1997ರಿಂದ 2002ರ ವರೆಗೆ ವ್ಯಾಪಾರವಾದ ಶುಚಿಗಾರ ಮೀನುಗಳು ಅವರಿಗೆ ಸಿಕ್ಕಿದ ದಾಖಲೆಗಳಲ್ಲಿಯೇ 87,000. ಒಗ್ಗದೆಂದು ತಿಳಿದ ಮೇಲೂ ಕೊಳ್ಳುವವರಿದ್ದುದರಿಂದಲೇ ಹಿಡಿಯುವವರೂ ಇದ್ದರು.

ಇನ್ನು ಹಿಡಿದು ತಂದ ಸ್ಥಳದ ಗತಿಯೇನು? ಒಂದು ಮೀನು ಹೋದರೆ ಸಮುದ್ರವು ಬರಿದಾಗುವದೇ ಎಂದು ಕೇಳುವವರು ಲಿಜರ್ಡ್ ದ್ವೀಪದ ಇನ್ನೊಂದು ಪರೀಕ್ಷೆಯನ್ನು ಗಮನಿಸಬೇಕು. ಅಲ್ಲಿಯ ಕೆಲವು ಸಣ್ಣ ಹವಳದಿಬ್ಬಗಳಿಂದ ಶುಚಿಗಾರ ಮೀನುಗಳನ್ನು ತೆಗೆದುಬಿಟ್ಟು, ಮತ್ತೆ ಬಂದು ಸೇರದ ಹಾಗೆ ಎಂಟೂವರೆ ವರ್ಷ ನೋಡಿಕೊಂಡರು. ಪಕ್ಕದ ಕೆಲವು ದಿಬ್ಬಗಳನ್ನು ಇದ್ದಂತೆಯೇ ಬಿಟ್ಟರು. ಬೇರೆ ಯಾವ ಮೀನನ್ನೂ ಮುಟ್ಟಲಿಲ್ಲ. 2011ರಲ್ಲಿ ಪ್ರಕಟವಾದ ಫಲವೇನಂದರೆ, ಶುಚಿಗಾರರಿಲ್ಲದ ದಿಬ್ಬಗಳಲ್ಲಿ ನೆಲಸಿದ್ದ ಮೀನುಗಳ ಸಂಖ್ಯೆಯು ನೂರಕ್ಕೆ 37ರಷ್ಟೂ, ಅವುಗಳ ಜಾತಿಗಳು ನೂರಕ್ಕೆ 23ರಷ್ಟೂ ಕಡಿಮೆಯಾಗಿದ್ದವು. ದೂರದಿಂದ ಬಂದು ಹೋಗುವ ಮೀನುಗಳೂ ಕಡಿಮೆಯಾದವು. ಊರಿನಲ್ಲಿದ್ದ ಒಬ್ಬಳೇ ಸೂಲಗಿತ್ತಿಯು ಬಿಟ್ಟುಹೋದರೆ ಊರು ಮರುದಿನವೇ ಹಾಳಾಗುವದಿಲ್ಲ. ಆದರೆ ಹತ್ತು ವರ್ಷಗಳಲ್ಲಿ ಎಷ್ಟು ಮನೆಗಳು ಮುಚ್ಚಿದವೆಂದು ಎಣಿಸಿದರೆ ಆಗ ತಿಳಿಯುತ್ತದೆ. ನಮ್ಮ ತೊಟ್ಟಿಗೆ ಬರುವದು ಒಂದೇ ಮೀನು, ನಿಜ. ಒಂದು ಶಾಲೆಯು ಇಟ್ಟರೆ ಪಕ್ಕದ ಶಾಲೆಯು ಸುಮ್ಮನಿರುವದೇ? ಈ ಪ್ರಾಂತದ ಶಾಲೆಗಳ ಸ್ವಭಾವವನ್ನು ನಾನು ಬಲ್ಲೆನು.

ಈಗ ಸೇವೆಯ ಪಾಠಕ್ಕೆ ಬರೋಣ. ಪಟ್ಟಿಯ ಆ ಒಂದು ಸಾಲು ನನ್ನನ್ನು ಮೀನಿನ ಸಾವಿಗಿಂತಲೂ ಹೆಚ್ಚು ಯೋಚನೆಗೆ ಹಚ್ಚಿತು. ಪ್ರಾಣಿಗಳನ್ನು ನೀತಿಪಾಠದ ಚಿತ್ರಗಳನ್ನಾಗಿ ಮಾಡುವದು ಮಿಶನ್ ಶಾಲೆಗಳಲ್ಲಿ ಹಳೆಯ ಅಭ್ಯಾಸ. ಜೇನು ಶ್ರಮಕ್ಕೆ, ಪಾರಿವಾಳವು ಸಾಧುತ್ವಕ್ಕೆ, ಕುರಿಯು ವಿಧೇಯತೆಗೆ. ಹುಡುಗಿಯರ ಶಾಲೆಗಳಲ್ಲಿ ಈ ಚಿತ್ರಗಳು ಒಂದೇ ಕಡೆಗೆ ವಾಲುತ್ತವೆ: ಸದ್ದಿಲ್ಲದೆ ದುಡಿ, ಇತರರನ್ನು ಚೊಕ್ಕಟವಾಗಿಡು, ಏನನ್ನೂ ಕೇಳಬೇಡ. ಈ ಬಡಪಾಯಿ ಮೀನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವದಾದರೆ ನಾವು ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ. ಯಾಕಂದರೆ ಶುಚಿಗಾರ ಮೀನು ಏನನ್ನೂ ಕೇಳದೆ ದುಡಿಯುವ ದಾಸಿಯಲ್ಲ.

ಅದಕ್ಕೆ ನಿಜವಾಗಿ ರುಚಿಯಾದದ್ದು ಹುಳವಲ್ಲ. ಗಿರಾಕಿಯ ಮೈಮೇಲಿನ ಲೋಳೆ. ಸಂದು ಸಿಕ್ಕಿದರೆ ಅದನ್ನು ಕಚ್ಚಿ ತಿನ್ನುತ್ತದೆ. ಗಿರಾಕಿಯು ಥಟ್ಟನೆ ಮೈ ಒದರುವದರಿಂದ ಮೋಸವು ಹೊರಬೀಳುತ್ತದೆ. ಸ್ವಿಟ್ಸರ್ಲೆಂಡಿನ ರೆದುವಾನ್ ಬ್ಶಾರಿ ಎಂಬ ಪಂಡಿತನೂ ಮೇಲೆ ಹೇಳಿದ ಗ್ರಟರಳೂ ಇದನ್ನು ಸೂಕ್ಷ್ಮವಾಗಿ ಪರೀಕ್ಷಿಸಿದ್ದಾರೆ. ಬೇರೆ ಗಿರಾಕಿಯು ನೋಡುತ್ತಾ ನಿಂತಿದ್ದರೆ ಶುಚಿಗಾರ ಮೀನು ಹೆಚ್ಚು ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತದೆಂದು 2006ರಲ್ಲಿ ತೋರಿಸಿದರು. ತನ್ನನ್ನು ನುಂಗಬಲ್ಲ ದೊಡ್ಡ ಮೀನಿನ ಹತ್ತಿರ ಅದು ಮೋಸಮಾಡುವದೇ ಅಪರೂಪ. ದೂರದಿಂದ ಬರುವ, ಬೇರೆ ಅಂಗಡಿಗೆ ಹೋಗಬಲ್ಲ ಗಿರಾಕಿಗೆ ಮೊದಲು ಕೆಲಸ ಮಾಡಿಕೊಡುತ್ತದೆ. ಪಕ್ಕದ ಮನೆಯ ಮೀನು ಕಾದಿರಬೇಕು. ಪೇಟೆಯ ಜವಳಿ ಅಂಗಡಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುನಿದ ಗಿರಾಕಿಯನ್ನು ಒಲಿಸಿಕೊಳ್ಳಲು ತನ್ನ ಹೊಟ್ಟೆಯ ಕೆಳಗಿನ ರೆಕ್ಕೆಗಳಿಂದ ಅದರ ಬೆನ್ನನ್ನು ನೇವರಿಸುವದೂ ಉಂಟು. ಅಂಥ ನೇವರಿಕೆಯಿಂದ ಮೀನುಗಳ ದೇಹದಲ್ಲಿಯ ಕಳವಳವು ತಗ್ಗುವದೆಂದು 2011ರಲ್ಲಿ ಗೊತ್ತಾಯಿತು.

ಈ ಮೀನಿನ ಸಂಸಾರದ ಸಂಗತಿಯೂ ನಮ್ಮ ನೀತಿಪಾಠಗಳಿಗೆ ಅಷ್ಟು ಸುಲಭವಾಗಿ ಹೊಂದುವದಿಲ್ಲ. ಒಂದು ಗಂಡು, ಅದರ ವಶದಲ್ಲಿ ಹಲವು ಹೆಣ್ಣುಗಳು. ಗಂಡು ಸತ್ತರೆ ಹೆಣ್ಣುಗಳಲ್ಲಿ ಹಿರಿದಾದದ್ದು ಕೆಲವೇ ಗಂಟೆಗಳಲ್ಲಿ ಯಜಮಾನಿಕೆಯನ್ನು ವಹಿಸಿ, ಎರಡು ಮೂರು ವಾರಗಳೊಳಗೆ ತಾನೇ ದೇಹದಲ್ಲಿಯೂ ಗಂಡಾಗುತ್ತದೆ. ರಾಬರ್ಟ್‌ಸನ್ ಎಂಬವನು 1972ರಲ್ಲಿ ಇದನ್ನು ವಿವರಿಸಿದನು. ಇದನ್ನು ಹುಡುಗಿಯರ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಒಬ್ಬ ಉಪಾಧ್ಯಾಯಿನಿಯು ಸಂಕೋಚಪಟ್ಟರು. ಸೃಷ್ಟಿಕರ್ತನು ಮಾಡುವದಕ್ಕೆ ಸಂಕೋಚಪಡದ್ದನ್ನು ಹೇಳುವದಕ್ಕೆ ನಾವು ಯಾಕೆ ಸಂಕೋಚಪಡಬೇಕು?

ಇದಕ್ಕೂ ಹೆಚ್ಚಿನ ಆಶ್ಚರ್ಯವನ್ನು 2019ರಲ್ಲಿ ಜಪಾನಿನ ಒಸಾಕದ ಪಂಡಿತರು ಪ್ರಕಟಿಸಿದರು. ಈ ಮೀನಿನ ಗಂಟಲಿನ ಕೆಳಗೆ, ಕನ್ನಡಿಯಿಲ್ಲದೆ ಕಾಣಲಾರದ ಸ್ಥಳದಲ್ಲಿ, ಹುಳದಂತೆ ತೋರುವ ಕಂದು ಬಣ್ಣದ ಚುಕ್ಕೆಯನ್ನಿಟ್ಟರು. ಕನ್ನಡಿಯ ಪರಿಚಯವಾಗಿದ್ದ ಮೀನುಗಳು ಅದರಲ್ಲಿ ನೋಡಿಕೊಂಡ ಮೇಲೆ ಗಂಟಲನ್ನು ತಳಕ್ಕೆ ತಿಕ್ಕಿಕೊಂಡವು. ಬಣ್ಣವಿಲ್ಲದ ಚುಕ್ಕೆಯನ್ನಿಟ್ಟಾಗ, ಕನ್ನಡಿಯಿಲ್ಲದಿದ್ದಾಗ, ತಿಕ್ಕಿಕೊಳ್ಳಲಿಲ್ಲ. ಕನ್ನಡಿಯಲ್ಲಿರುವದು ತಾನೇ ಎಂದು ಮೀನು ಅರಿಯಿತೆಂಬದಕ್ಕೆ ಇಷ್ಟು ಸಾಕ್ಷ್ಯವು ಸಾಲದೆಂದು ಹೇಳಿದ ಪಂಡಿತರೂ ಉಂಟು. ಆ ವಾದವು ಆ ಒಂದು ಲೇಖನದಿಂದ ತೀರಲಿಲ್ಲ. ವಾದದ ತೀರ್ಪು ಏನೇ ಆಗಲಿ, ನಾಲ್ಕು ಗೋಡೆಯೂ ಗಾಜಾಗಿರುವ ಪೆಟ್ಟಿಗೆಯಲ್ಲಿ ಕೆಲಸವಿಲ್ಲದೆ ಸುತ್ತುವದಕ್ಕೆ ತಕ್ಕ ಪ್ರಾಣಿ ಇದಲ್ಲವೆಂದು ನನಗೆ ತೋರುತ್ತದೆ.

ಸೊಲೊಮೋನನು ಸೋಮಾರಿಗೆ ಇರುವೆಯಿಂದ ಬುದ್ಧಿ ಕಲಿಯೆಂದದ್ದನ್ನು ನಮ್ಮ ಸಂಡೇ ಶಾಲೆಯ ಪುಟ್ಟ ಮಕ್ಕಳೂ ಬಲ್ಲರು. ಆದರೆ ಅವನು ಇರುವೆಯನ್ನು ಸೀಸೆಯಲ್ಲಿ ಹಾಕಿ ಸೋಮಾರಿಯ ಮನೆಗೆ ಕಳುಹಿಸಲಿಲ್ಲ. ಸೋಮಾರಿಯನ್ನೇ ಇರುವೆಯ ಬಳಿಗೆ ಕಳುಹಿಸಿದನು. ಶುಚಿಗಾರ ಮೀನಿನಲ್ಲಿ ನೋಡತಕ್ಕದ್ದೆಲ್ಲವೂ, ಅಂದರೆ ಅದರ ಅಂಗಡಿ, ಗಿರಾಕಿಗಳ ಸರದಿ, ಮೋಸ, ಮುನಿಸು, ಸಮಾಧಾನ, ಇವೆಲ್ಲ ಅದರ ಸುತ್ತಲಿನ ಸಮುದ್ರದಲ್ಲಿ ಇವೆ. ಅದರ ಮೈಯೊಳಗೆ ಇಲ್ಲ. ತೊಟ್ಟಿಗೆ ತಂದರೆ ಕೈಗೆ ಸಿಕ್ಕುವದು ನೀಲಿಯ ಮೈಯೂ ಕಪ್ಪು ಪಟ್ಟೆಯೂ ಮಾತ್ರ. ಅಷ್ಟಕ್ಕೆ ಒಳ್ಳೆಯ ಚಿತ್ರವೊಂದು ಸಾಕು.

ನನ್ನ ಅಭಿಪ್ರಾಯಕ್ಕೆ ವಿರೋಧವಾಗಿ ಬಂದ ಮಾತುಗಳಲ್ಲಿ ಎರಡನ್ನು ಹಗುರವಾಗಿ ತಳ್ಳಿಹಾಕಲಾರೆನು. ಮೊದಲನೆಯದನ್ನು ಒಬ್ಬ ವಿದ್ಯಾರ್ಥಿನಿಯ ತಂದೆಯವರು ನಗುತ್ತಾ ಹೇಳಿದರು: ಹೊತ್ತು ಹೊತ್ತಿಗೆ ಬಂಗುಡೆಯೂ ಬೂತಾಯಿಯೂ ಬೇಯುವ ಊರಿನಲ್ಲಿ ಬೆರಳುದ್ದದ ಒಂದು ಮೀನಿಗಾಗಿ ಇಷ್ಟು ಮರುಕವೇ, ಅಮ್ಮಾ? ಮೀನು ತಿನ್ನುವವರಲ್ಲಿ ನಾನೂ ಒಬ್ಬಳು. ಬಂಗುಡೆಯು ಮನೆಯವರ ಹಸಿವನ್ನು ತೀರಿಸುತ್ತದೆ, ಹಿಡಿದವನ ಮನೆಯಲ್ಲಿಯೂ ಒಲೆ ಉರಿಸುತ್ತದೆ. ಯಾರ ಹಸಿವನ್ನೂ ತೀರಿಸದೆ, ತಾನೇ ಹಸಿದು, ನಮ್ಮ ಕಣ್ಣೆದುರಿನಲ್ಲಿ ವಾರಗಟ್ಟಲೆ ಸಾಯುವ ಮೀನಿನ ಸಂಗತಿಯು ಬೇರೆ. ಆ ಸಾವನ್ನು ದಿನಾಲು ನೋಡುತ್ತಾ ತರಗತಿಗೆ ಹೋಗುವ ಮಕ್ಕಳ ಮನಸ್ಸು ಎಂಥದಾದೀತು?

ಎರಡನೆಯದು ಇನ್ನೂ ಭಾರವಾದ ಮಾತು. ಹಾಸ್ಟೆಲಿನಲ್ಲಿರುವ ಘಟ್ಟದ ಮೇಲಿನ ಬಡ ಮಕ್ಕಳು ಹವಳದ ದಿಬ್ಬವನ್ನು ಎಂದು ನೋಡಿಯಾರು? ಕಂಡರಲ್ಲವೇ ಪ್ರೀತಿಯು ಹುಟ್ಟುವದು? ಇದು ನಿಜ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಮುಳುಗಿ ಹವಳವನ್ನು ನೋಡಿಬರುವವರು ಇದ್ದಾರೆ. ಆ ಖರ್ಚು ನಮ್ಮ ಮಕ್ಕಳಿಗೆ ಎಟುಕದು. ಆದರೆ ಹುಟ್ಟಿದ ಪ್ರೀತಿಯನ್ನು ಸಾಕುವ ಶಕ್ತಿಯು ನಮ್ಮ ಶಾಲೆಗೆ ಇದೆಯೇ? ಉಪ್ಪುನೀರಿನ ತೊಟ್ಟಿಯೆಂದರೆ ಗಾಜು ಮತ್ತು ನೀರು ಮಾತ್ರವಲ್ಲ. ಉಪ್ಪಿನ ಹದವನ್ನೂ ನೀರಿನ ಶಾಖವನ್ನೂ ದಿನದಿನವೂ ಅಳೆಯಬೇಕು, ಯಂತ್ರಗಳು ಹಗಲಿರುಳು ಓಡಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತನ್ನು ಯಾರು ಬಲ್ಲರು? ಬೇಸಿಗೆಯ ರಜೆಯಲ್ಲಿ ಎರಡು ತಿಂಗಳು ಶಾಲೆಗೆ ಬೀಗ ಬಿದ್ದಾಗ ಕಾವಲುಗಾರನೊಬ್ಬನ ತಲೆಯ ಮೇಲೆ ಈ ಭಾರವನ್ನು ಹೊರಿಸುವದು ನ್ಯಾಯವಲ್ಲ. ತಕ್ಕ ಜನರೂ ಬೇಕಾದಷ್ಟು ಮೀನುಗಳೂ ಇರುವ ದೊಡ್ಡ ಮತ್ಸ್ಯಾಲಯಗಳ ಮಾತು ಬೇರೆ; ಅವುಗಳ ಮೇಲೆ ನನ್ನ ಆಕ್ಷೇಪಣೆಯಿಲ್ಲ.

ಹಾಗಾದರೆ ಕೂಡಿಸಿದ ಹಣವನ್ನು ಏನು ಮಾಡುವದು? ಹಿಂದಕ್ಕೆ ಕೊಡುವದಂತೂ ನನಗೆ ಇಷ್ಟವಿಲ್ಲ. ಬಾವಿಯ ಹತ್ತಿರದ ನೆರಳಿನಲ್ಲಿ ಸಿಹಿನೀರಿನ ಸಣ್ಣ ಕೊಳವೊಂದನ್ನು ಕಟ್ಟಿಸೋಣ. ನಮ್ಮ ತೋಡು ಗದ್ದೆಗಳಲ್ಲಿ ಹೇರಳವಾಗಿರುವ ಸಣ್ಣ ಮೀನುಗಳನ್ನು ಮಕ್ಕಳೇ ತಂದು ಬಿಡಲಿ. ಪೇಟೆಯ ಅಲಂಕಾರದ ಮೀನು ಅಲ್ಲಿಯೂ ಬೇಡ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್ ಎಂಬ ಚೆಲುವಾದ ಮೀನು ಈ ಅಲಂಕಾರದ ವ್ಯಾಪಾರಕ್ಕೆ ಸಿಕ್ಕಿಯೇ ಅಪಾಯದ ಪಟ್ಟಿಗೆ ಸೇರಿತು. ಕೊಳದಲ್ಲಿ ಕಪ್ಪೆಯ ಮೊಟ್ಟೆಯನ್ನೂ ನೀರುಜೇಡವನ್ನೂ ಸೊಳ್ಳೆಯ ಮರಿಯನ್ನು ತಿನ್ನುವ ಮೀನನ್ನೂ ನೋಡಿ ಏಳನೆಯ ತರಗತಿಯವರು ದಿನಚರಿ ಬರೆಯಲಿ. ಮಳೆಗಾಲದಲ್ಲಿ ಕೊಳವು ತುಂಬಿ ಮೀನು ಹೊರಗೆ ಹೋದರೂ ಅದು ತನ್ನ ಊರಿನ ತೋಡಿಗೇ ಹೋಗುವದು.

ಮಿಕ್ಕ ಹಣದಿಂದ ಪ್ರತಿ ವರ್ಷ ನವೆಂಬರಿನಿಂದ ಫೆಬ್ರವರಿಯೊಳಗೆ ಎರಡು ಸಾರಿ, ಹಾಸ್ಟೆಲಿನ ಮಕ್ಕಳನ್ನು ಮೊದಲ್ಗೊಂಡು, ಸೋಮೇಶ್ವರದ ಬಂಡೆಗಳ ಬಳಿಗೆ ಇಳಿತದ ಹೊತ್ತಿನಲ್ಲಿ ಕರೆದುಕೊಂಡು ಹೋಗೋಣ. ನೀರು ಇಳಿದಾಗ ಬಂಡೆಗಳ ಕುಳಿಗಳಲ್ಲಿ ನಿಲ್ಲುವ ಸಮುದ್ರದಲ್ಲಿ ಸಣ್ಣ ಮೀನು, ಏಡಿ, ಚಿಪ್ಪಿನ ಹುಳ, ಪಾಚಿ ಎಲ್ಲವೂ ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುತ್ತವೆ. ಶುಚಿಗಾರ ಮೀನು ಅಲ್ಲಿ ಕಾಣದಿರಬಹುದು. ಅದನ್ನು ಅದರ ಸ್ವಂತ ದಿಬ್ಬದಲ್ಲಿ ತೆಗೆದ ಚಲಚ್ಚಿತ್ರದಲ್ಲಿ ತೋರಿಸಿದರಾಯಿತು. ಶಾಲೆಯಲ್ಲಿ ಅದಕ್ಕೆ ಬೇಕಾದ ಯಂತ್ರವಿದೆ.

ಸಂಘದವರ ಸಭೆಯು ಈ ಸಂಚಿಕೆಯು ಹೊರಟ ಮೇಲೆ ಕೂಡಲಿದೆ. ಅಂದು ನನ್ನ ಮಾತಿಗೆ ಎದುರು ಹೇಳತಕ್ಕವರು ಧಾರಾಳವಾಗಿ ಹೇಳಲಿ. ಸೋಮೇಶ್ವರದ ಪ್ರವಾಸಕ್ಕೆ ಮಾತ್ರ, ಆ ಬಂಡೆಗಳ ಜಾರುವಿಕೆಯನ್ನೂ ಅಲೆಯ ಸ್ವಭಾವವನ್ನೂ ಬಲ್ಲ ತಂದೆತಾಯಿಗಳು ಕಡಿಮೆಯೆಂದರೆ ನಾಲ್ವರು ಜೊತೆಗೆ ಬರಬೇಕಾಗುತ್ತದೆ. ಮೀನುಗಾರರ ಮನೆತನದವರಾದರೆ ಇನ್ನೂ ಒಳ್ಳೆಯದು. ಬರಲು ಒಪ್ಪುವವರು ತಮ್ಮ ಹೆಸರನ್ನು ಶಾಲೆಯ ಆಫೀಸಿನಲ್ಲಿ ಕೊಡಬೇಕಾಗಿ ಬೇಡುತ್ತೇನೆ.